ಮಿನ್ನೆಸೋಟಕ್ಕೆ ಹೊಸಬರೇ? ಐಸ್ ಮೇಲೆ ಈಟಿ ಹಿಡಿದು ಕೂರುವ ಮೊದಲು ಇಷ್ಟು ತಿಳಿದಿರಲಿ

ಡಿಸೆಂಬರ್ ಬಂತೆಂದರೆ ಇಲ್ಲಿಗೆ ಹೊಸದಾಗಿ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಹೆಪ್ಪುಗಟ್ಟಿದ ಕೆರೆ ಮೇಲೆ ಡೇರೆ ಹಾಕಿಕೊಂಡು ಇವರು ಮಾಡೋದೇನು? ಜಾಸ್ತಿ ಜನ ಗಾಳ ಬಿಟ್ಟು ಕೂತಿರುತ್ತಾರೆ. ಕೆಲವರ ಡೇರೆಯೊಳಗೆ ಮಾತ್ರ ಗವ್ ಅನ್ನುವ ಕತ್ತಲು, ಕಾಲ ಬಳಿ ದೊಡ್ಡ ತೂತು, ಪಕ್ಕದಲ್ಲಿ ಈಟಿ. ಇದೇ ಡಾರ್ಕ್ ಹೌಸ್ ಸ್ಪಿಯರಿಂಗ್, ಅಂದರೆ ಕತ್ತಲ ಡೇರೆಯಲ್ಲಿ ಕೂತು ಈಟಿಯಿಂದ ಮೀನು ಹಿಡಿಯುವುದು. ಗಾಳದ ಮೀನನ್ನು ಬೇಡವೆಂದರೆ ವಾಪಸ್ ಬಿಡಬಹುದು. ಈಟಿ ಬಿದ್ದ ಮೀನನ್ನು ಬಿಡೋಕಾಗಲ್ಲ. ಹಾಗಾಗಿ ಇಲ್ಲಿ ಎಸೆಯುವುದಕ್ಕಿಂತ ಎಸೆಯದೆ ಇರುವುದನ್ನೇ ಮೊದಲು ಕಲಿಯಬೇಕು.

ಕಾಗದಪತ್ರದ ವಿಷಯ ಬೇಗ ಮುಗಿಸೋಣ. ದೊಡ್ಡವರಿಗೆ ಮೀನುಗಾರಿಕೆ ಲೈಸೆನ್ಸ್ ಜೊತೆಗೆ ಸ್ಪಿಯರಿಂಗ್ ಲೈಸೆನ್ಸ್ ಕೂಡ ಬೇಕು. ನಿವಾಸಿ ದರ ಸಿಗಬೇಕಾದರೆ ರಾಜ್ಯದಲ್ಲಿ 60 ದಿನ ವಾಸವಿರಬೇಕು. ವೀಸಾ ಮೇಲೆ ಇರುವವರು ತಮಗೆ ಯಾವ ದರ ಅನ್ನುವುದನ್ನು ದುಡ್ಡು ಕಟ್ಟುವ ಮೊದಲೇ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಗೆ (ಡಿಎನ್‌ಆರ್) ಫೋನ್ ಮಾಡಿ ಕೇಳಿಬಿಡಿ. ಪೈಕ್ ಮೀನಿನ ಈಟಿ ಸೀಸನ್ ನವೆಂಬರ್ ಮಧ್ಯದಿಂದ ಫೆಬ್ರವರಿಯ ಕೊನೆಯ ಭಾನುವಾರದವರೆಗೆ, ಅದೂ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ. ಕೆಲವು ಕೆರೆಗಳಿಗೆ ಅದರದೇ ನಿಯಮ ಇರುತ್ತದೆ. ದೋಣಿ ಇಳಿಸುವ ಜಾಗದ ಬೋರ್ಡನ್ನು ಓದದೆ ಮುಂದೆ ಹೋಗಬೇಡಿ.

ಇನ್ನು ಐಸ್. ನಡೆದು ಹೋಗಲು ಕನಿಷ್ಠ 4 ಇಂಚು ಗಟ್ಟಿ, ತಿಳಿಯಾದ ಐಸ್ ಬೇಕು. ಹಿಮ ನೆನೆದು ಗಟ್ಟಿಯಾದ ಬಿಳಿ ಐಸ್ ಆದರೆ ಅದರ ಎರಡರಷ್ಟು ಅಂತ ಲೆಕ್ಕ ಇಟ್ಟುಕೊಳ್ಳಿ. ನಿನ್ನೆ ಪಕ್ಕದವರು ಕಾರು ಓಡಿಸಿದರು ಅನ್ನುವುದು ಲೆಕ್ಕಕ್ಕಿಲ್ಲ. ತೊರೆ ಬಂದು ಸೇರುವ ಕಡೆ, ಕೆರೆ ಕಿರಿದಾಗುವ ಕಡೆ, ತಳದಲ್ಲಿ ಬುಗ್ಗೆ ಇರುವ ಕಡೆ ಐಸ್ ತೆಳ್ಳಗಿರುತ್ತದೆ. ಕಬ್ಬಿಣದ ಹಾರೆಯಿಂದ ಕುಟ್ಟಿ ನೋಡುತ್ತಾ ಹೆಜ್ಜೆ ಇಡಿ. ನೀರಿಗೆ ಬಿದ್ದರೆ ಐಸಿಗೆ ಚುಚ್ಚಿ ಹಿಡಿದು ಮೇಲೆ ಬರಲು ಕುತ್ತಿಗೆಯಲ್ಲಿ ಐಸ್ ಪಿಕ್ ಜೋಡಿ ಇರಲಿ. ಮೊದಲ ವರ್ಷ ಒಬ್ಬರೇ ಹೋಗಲೇಬೇಡಿ.

ಡೇರೆ ಕೊಳ್ಳುವ ಆತುರ ಬೇಡ ಅಂತ ನನ್ನ ಅಭಿಪ್ರಾಯ. ಒಂದು ಚಳಿಗಾಲ ಯಾರದಾದರೂ ಡೇರೆಯಲ್ಲಿ ಕೂತು ನೋಡಿ. ಆಮೇಲೂ ಬೇಕೆನಿಸಿದರೆ ಒಳಗೆ ಪೂರ್ತಿ ಕಪ್ಪಾಗಿರುವ, ದಪ್ಪ ಬಟ್ಟೆಯ ಮಡಚುವ ಡೇರೆ ತಗೊಳ್ಳಿ. ಡೇರೆಯನ್ನು ಐಸಿಗೆ ಬಿಗಿಯುವ ತಿರುಪುಮೊಳೆಗಳೇ ಆಂಕರ್. ಮೊದಲು ಗಾಳಿ ಬೀಸುವ ಕಡೆಯ ಆಂಕರ್ ತಿರುಗಿಸಿ, ಆಮೇಲೆ ಉಳಿದವು. ಸುತ್ತ ಅಂಚಿಗೆ ಹಿಮ ಒಟ್ಟಿ. ಬೆಳಕು ತೂರುವ ಸಣ್ಣ ಕಿಂಡಿ ಇದ್ದರೂ ಟೇಪ್ ಹಚ್ಚಿ. ಒಳಗೆ ಕತ್ತಲಾದಷ್ಟೂ ನೀರು ಕಾಣುತ್ತದೆ, ಯಾಕೆಂದರೆ ಹೊರಗಿನ ಬಿಸಿಲು ಐಸ್ ಮೂಲಕ ಇಳಿದು ನೀರನ್ನು ಕೆಳಗಿನಿಂದಲೇ ಹಸಿರಾಗಿ ಬೆಳಗುತ್ತದೆ. ತಳದ ಜೊಂಡಿನ ಒಂದೊಂದು ಎಲೆಯೂ ಎಣಿಸುವಂತೆ ಕಾಣುತ್ತದೆ. ಆದರೆ ಕತ್ತಲಿಗೋಸ್ಕರ ಗಾಳಿ ಕಿಂಡಿಯನ್ನೂ ಮುಚ್ಚಿಬಿಡುವವರಿದ್ದಾರೆ. ಪ್ರೊಪೇನ್ ಹೀಟರ್ ಉರಿಯುವ ಡೇರೆಯಲ್ಲಿ ಅದು ಪ್ರಾಣಕ್ಕೆ ಕುತ್ತು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಬ್ಯಾಟರಿ ಡಿಟೆಕ್ಟರ್ ಒಂದು ನೇತುಹಾಕಿ.

ತೂತು ಸುಮಾರು 2 ಅಡಿಗೆ 3 ಅಡಿ ಇದ್ದರೆ ಸಾಕು. ಐಸ್ ಕೊರೆಯುವ ಆಗರ್‌ನಿಂದ ನಾಲ್ಕು ಮೂಲೆ ಕೊರೆದು, ನಡುವೆ ಐಸ್ ಗರಗಸ ಎಳೆದು, ಬಿಡಿಸಿದ ಹಾಸನ್ನು ಐಸಿನ ಅಡಿಗೆ ತಳ್ಳುತ್ತಾರೆ. ಜೊಂಡು ಮುಗಿಯುವ ಅಂಚು, 6ರಿಂದ 10 ಅಡಿ ಆಳ, ಇದು ಒಳ್ಳೆ ಜಾಗ.

ತೂತಿನೊಳಗೆ ದಾರ ಕಟ್ಟಿ ಇಳಿಬಿಡುವುದು ಡಿಕಾಯ್, ಪೈಕನ್ನು ಹತ್ತಿರ ಸೆಳೆಯುವ ಹುಸಿ ಮೀನು. ಮರದ ಮೀನು, ತಗಡಿನ ರೆಕ್ಕೆ, ಹೊಟ್ಟೆಯಲ್ಲಿ ಸೀಸ. ಈ ಭಾಗದ ಮೂಲನಿವಾಸಿಗಳಾದ ಒಜಿಬ್ವೆ ಜನ ತಲೆಮಾರುಗಳಿಂದ ಇದನ್ನು ಕೆತ್ತುತ್ತಾ ಬಂದವರು. ಪಕ್ಕದ ವಿಸ್ಕಾನ್ಸಿನ್‌ನ ಲಾಕ್ ಡು ಫ್ಲಾಂಬೋ ಕೆತ್ತನೆಗಾರರ ಕೆಲಸವನ್ನು ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ದಾರ ಕಟ್ಟಿದ ಕೋಲನ್ನು ಮೆಲ್ಲಗೆ ಎತ್ತಿ ಇಳಿಸಿದರೆ ಮರದ ಮೀನು ವೃತ್ತ ಹೊಡೆಯುತ್ತದೆ. ಗಂಟೆಗಟ್ಟಲೆ ಏನೂ ಆಗಲ್ಲ. ಆಮೇಲೆ ತೇಲುವ ಕೊರಡಿನ ಹಾಗೆ ಒಂದು ಪೈಕ್ ಸದ್ದಿಲ್ಲದೆ ಬಂದು ಡಿಕಾಯ್ ಪಕ್ಕ ನಿಲ್ಲುತ್ತದೆ. ಕಿವಿರು ಮಾತ್ರ ತೆರೆದು ಮುಚ್ಚುತ್ತಿರುತ್ತದೆ.

ಮಲೆನಾಡಲ್ಲಿ ಮೊದಲ ಮಳೆಗೆ ಗದ್ದೆ ಹತ್ತುವ ಮೀನನ್ನು ಕತ್ತಿಯಲ್ಲಿ ಕಡಿದು ಅಭ್ಯಾಸ ಇರುವವರು ಎಡವುವುದೇ ಇಲ್ಲಿ. ಅಲ್ಲಿ ಕೈ ಚುರುಕಾದಷ್ಟೂ ಲಾಭ. ಇಲ್ಲಿ ಮೊದಲು ಮೀನು ಯಾವುದು ಅಂತ ನೋಡಬೇಕು. ಗಾಢ ಮೈಮೇಲೆ ತಿಳಿ ಚುಕ್ಕೆ, ಬಾಲದ ತುದಿ ದುಂಡು: ಅದು ಪೈಕ್. ತಿಳಿ ಮೈಮೇಲೆ ಗಾಢ ಗೆರೆ ಅಥವಾ ಮಚ್ಚೆ, ಬಾಲದ ತುದಿ ಚೂಪು: ಅದು ಮಸ್ಕಿ, ಮುಟ್ಟುವ ಹಾಗಿಲ್ಲ. ವಾಲೈ, ಬಾಸ್ ಮೀನುಗಳೂ ಅಷ್ಟೇ. ಅನುಮಾನ ಇದ್ದರೆ ಈಟಿ ಕೆಳಗಿಡಿ.

ಆಮೇಲೆ ಉದ್ದ. ರಾಜ್ಯದ ನಾರ್ತ್ ಸೆಂಟ್ರಲ್ ವಲಯದಲ್ಲಿ 10 ಪೈಕ್ ಹಿಡಿಯಬಹುದು, ಆದರೆ ಅದರಲ್ಲಿ 22 ಇಂಚು ದಾಟಿದ್ದು ಎರಡೇ ಇರಬೇಕು: ಎರಡೂ 26 ಇಂಚಿಗಿಂತ ದೊಡ್ಡದು, ಇಲ್ಲವೇ ಅಂಥದ್ದೊಂದು, 22ರಿಂದ 26ರ ನಡುವಿನದೊಂದು. ದಕ್ಷಿಣ ವಲಯದಲ್ಲಿ ಎರಡೇ ಮೀನು, 24 ಇಂಚಿಗೆ ಕಮ್ಮಿ ಇರಕೂಡದು. ನೀರಲ್ಲಿರುವ ಮೀನಿಗೆ ಟೇಪ್ ಹಿಡಿಯಲಾಗುತ್ತಾ? ಅದಕ್ಕೇ ಡಿಕಾಯ್ ಉದ್ದ ನಿಮಗೆ ಬಾಯಿಪಾಠ ಇರಬೇಕು. 8 ಇಂಚಿನದಾದರೆ ಅದರ ಮೂರು ಪಟ್ಟು 24, ಪಕ್ಕ ನಿಂತಾಗಲೇ ಅಳತೆ ಸಿಗುತ್ತದೆ.

ಎಸೆಯುವುದು ಅಂತ ಹೇಳಿದರೂ ನಿಜವಾಗಿ ಬಿಡುವುದು. ಈಟಿಯ ಹಲ್ಲುಗಳನ್ನು ಅಲೆ ಏಳದಂತೆ ನೀರಿಗೆ ಇಳಿಸಿ, ಮೀನು ನೇರ ಕೆಳಗೆ ಬರುವವರೆಗೆ ಕಾಯಿರಿ. ಓರೆಯಾಗಿ ನೋಡಿದರೆ ನೀರು ಕಣ್ಣಿಗೆ ಮೋಸ ಮಾಡುತ್ತದೆ. ನೇರ ಮೇಲಿನಿಂದ ಆ ಮೋಸ ಇಲ್ಲ. ಗುರಿ ತಲೆಯ ಹಿಂಬದಿಗೆ. ಈಟಿಯ ಹಗ್ಗವನ್ನು ಡೇರೆ ಒಳಗೆ ಗಟ್ಟಿ ಜಾಗಕ್ಕೆ ಕಟ್ಟಿ, ಕೈಗೆ ಬೇಡ.

ಹೊರಡುವಾಗ ತೂತನ್ನು ಸುಮ್ನೆ ಬಿಟ್ಟು ಬರಬೇಡಿ. ರಾತ್ರಿ ಮೇಲೆ ತೆಳು ಐಸ್ ಕಟ್ಟಿ, ಹಿಮ ಬಿದ್ದು, ಕಾಣದಂತಾಗುತ್ತದೆ. ಸುತ್ತ ಐಸ್ ತುಂಡು, ಎತ್ತರದ ಕೊಂಬೆ ನೆಟ್ಟು ಗುರುತು ಮಾಡಿ.

ಅಡುಗೆಗೆ ಬಂದರೆ, ಪೈಕ್‌ನಲ್ಲಿ ವೈ ಆಕಾರದ ಸಣ್ಣ ಮುಳ್ಳುಗಳ ಸಾಲಿದೆ. ಮಕ್ಕಳಿರುವ ಮನೆಯಲ್ಲಿ ಅದನ್ನು ಕತ್ತರಿಸಿ ತೆಗೆದು, ರವೆ ಹಚ್ಚಿ ಕಾಯಿಸಿ. ಮುಳ್ಳು ಬಿಡಿಸಿ ತಿನ್ನಲು ಬರುವವರಿದ್ದರೆ ತುಂಡು ಮಾಡಿ ಹುಣಸೆ ಹಾಕಿದ ಗಸಿ ಮಾಡಿ. ಮಾಂಸ ಗಟ್ಟಿ, ಕುದಿಸಿದರೂ ಒಡೆಯಲ್ಲ.