ಮಣ್ಣಿನೊಳಗಿನ ಕಡಲೆಕಾಯಿಗೆ ಬಿಸಿಲು ಎಲ್ಲಿಂದ ಬಂತು?

ಪಾವಗಡ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಐದನೆಯ ತರಗತಿಗೆ ಪರಿಸರ ಅಧ್ಯಯನ ಕಲಿಸುವ ನಾನು, ಸೂರ್ಯನ ಪಾಠವನ್ನು ಹಲವು ವರ್ಷ ಅಂಕಿಗಳಿಂದಲೇ ಆರಂಭಿಸುತ್ತಿದ್ದೆ. ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ, ಅವನ ಅಡ್ಡಗಲಕ್ಕೆ 109 ಭೂಮಿಗಳನ್ನು ಸಾಲಾಗಿ ಜೋಡಿಸಬಹುದು, ಅವನ ಬೆಳಕು ನಮ್ಮನ್ನು ಮುಟ್ಟಲು ಎಂಟು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ಬೇಕು ಎಂದು ಕಪ್ಪುಹಲಗೆಯ ಮೇಲೆ ಬರೆದರೆ ಮಕ್ಕಳು ಅಂದವಾಗಿ ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ತಪ್ಪಿಲ್ಲದೆ ಒಪ್ಪಿಸುತ್ತಲೂ ಇದ್ದರು. ಒಂದು ವರ್ಷ ಪಾಠ ಮುಗಿದ ಮೇಲೆ, ಸೂರ್ಯನೇ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದೆ. "ಕತ್ತಲಾಗುತ್ತೆ" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಚಳಿಯಾಗುತ್ತದೆ, ಬಟ್ಟೆ ಒಣಗುವುದಿಲ್ಲ ಎಂಬ ಉತ್ತರಗಳೂ ಬಂದವು. ಊಟದ ಮಾತನ್ನು ಯಾರೂ ಎತ್ತಲಿಲ್ಲ. ಬೆಳೆಗೆ ಬಿಸಿಲು ಬೇಡವೇ ಎಂದು ನಾನೇ ಕೇಳಿದಾಗ, ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಕಡಲೆಕಾಯಿ ಮಣ್ಣೊಳಗೆ ಆಗೋದಲ್ವಾ ಸಾರ್, ಅದಕ್ಕೆಲ್ಲಿ ಬಿಸಿಲು ಬೀಳುತ್ತೆ?" ಎಂದಳು.

ಕಡಲೆಕಾಯಿಯೇ ಮುಖ್ಯ ಬೆಳೆಯಾಗಿರುವ ನಮ್ಮ ಕಡೆಯ ಮಗುವಿಗೆ ಇದಕ್ಕಿಂತ ಸಹಜವಾದ ಪ್ರಶ್ನೆ ಇರಲಾರದು. ಮರುವರ್ಷದಿಂದ ನಾನು ಪಾಠವನ್ನು ಅಲ್ಲಿಂದಲೇ ಆರಂಭಿಸಿದೆ.

ಆಗಸ್ಟ್ ತಿಂಗಳಲ್ಲಿ ಶಾಲೆಯ ಪಕ್ಕದ ಹೊಲದಲ್ಲಿ ಹೂವು ಮುಗಿದು ಕಾಯಿ ಕಟ್ಟುವ ಹೊತ್ತು. ರೈತರ ಅನುಮತಿ ಪಡೆದು ಒಂದೇ ಒಂದು ಗಿಡ ಕಿತ್ತು, ಮಣ್ಣು ಕೊಡವಿ, ಮಕ್ಕಳ ಕೈಗೆ ಕೊಟ್ಟೆ. ಹೂವು ಬಾಡಿದ ಜಾಗದಿಂದ ಸೂಜಿಯಂಥ ಎಳೆಯೊಂದು ಕೆಳಗಿಳಿದು, ಮಣ್ಣು ಹೊಕ್ಕು, ಅದರ ತುದಿಯಲ್ಲಿ ಬೆಳ್ಳಗಿನ ಎಳೆಗಾಯಿ ಊದಿಕೊಂಡಿತ್ತು. ಕಾಯಿ ಬೇರಿಗೆ ಅಂಟಿಲ್ಲ, ಮೇಲಿನ ಕಾಂಡಕ್ಕೆ ಅಂಟಿದೆ ಎಂಬುದನ್ನು ಅವರೇ ಬೆರಳಿನಿಂದ ಎಳೆ ಹಿಡಿದು ಕಂಡುಕೊಂಡರು. ಹಾಗಾದರೆ ಗಿಡದ ಆಹಾರ ಮಣ್ಣಿನಿಂದ ಬರುವುದೋ, ಮೇಲಿನಿಂದ ಬರುವುದೋ? ಹದಿನೇಳನೆಯ ಶತಮಾನದಲ್ಲಿ ಹೆಲ್ಮಾಂಟ್ ಎಂಬ ವಿಜ್ಞಾನಿ ಕುಂಡದಲ್ಲಿ ಮಣ್ಣು ತೂಗಿ ಹಾಕಿ, ಬರೀ ನೀರೆರೆದು, ಐದು ವರ್ಷ ಒಂದು ಮರ ಬೆಳೆಸಿದ ಕಥೆಯನ್ನು ಆಗ ಹೇಳಿದೆ. ಮರ ಸುಮಾರು 75 ಕಿಲೋ ತೂಗಿತು, ಮಣ್ಣಿನಲ್ಲಿ ಕಡಿಮೆಯಾದದ್ದು 60 ಗ್ರಾಮಿನಷ್ಟು ಮಾತ್ರ. ಎಲ್ಲವೂ ನೀರಿನಿಂದಲೇ ಆಯಿತು ಎಂದು ಅವರು ತಿಳಿದದ್ದು ಪೂರ್ತಿ ಸರಿಯಲ್ಲ, ಗಾಳಿ ಮತ್ತು ಬೆಳಕಿನ ಪಾಲನ್ನು ಕಾಣಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು ಎಂಬುದನ್ನೂ ಸೇರಿಸಿದೆ. ದೊಡ್ಡವರೂ ಅರ್ಧ ದಾರಿಯಲ್ಲಿ ನಿಂತದ್ದುಂಟು ಎಂದು ತಿಳಿದರೆ ಮಕ್ಕಳಿಗೆ ತಪ್ಪು ಉತ್ತರ ಹೇಳುವ ಭಯ ಕಡಿಮೆಯಾಗುತ್ತದೆ.

ಎಲೆಯ ಪ್ರಯೋಗವನ್ನು ನಾನು ಮೊದಲ ಸಲ ಕೆಡಿಸಿದೆ. ಕುಂಡದಲ್ಲಿದ್ದ ದಾಸವಾಳದ ಎಲೆಯೊಂದರ ಅರ್ಧಕ್ಕೆ ಬೆಳಿಗ್ಗೆ ಕಪ್ಪು ಕಾಗದ ಸುತ್ತಿ, ಸಂಜೆ ಕಿತ್ತು, ಎಲೆ ತಯಾರಿಸಿದ ಆಹಾರವಾದ ಪಿಷ್ಟ ಇದ್ದಲ್ಲಿ ಕಡುನೀಲಿಯಾಗುವ ಅಯೋಡಿನ್ ಹಾಕಿದರೆ ಇಡೀ ಎಲೆ ಕಡುನೀಲಿಯಾಯಿತು. "ಕತ್ತಲಲ್ಲೂ ಊಟ ತಯಾರಾಗಿದೆಯಲ್ಲ ಸಾರ್" ಎಂದರು ಮಕ್ಕಳು. ಕಂಡದ್ದನ್ನು ಅವರು ಸರಿಯಾಗಿಯೇ ಹೇಳಿದ್ದರು. ಎಲೆಯಲ್ಲಿ ಮೊದಲೇ ಸಂಗ್ರಹವಾಗಿದ್ದ ಪಿಷ್ಟ ಖಾಲಿಯಾಗಲು ಗಿಡವನ್ನು ಎರಡು ದಿನ ಕತ್ತಲ ಕೋಣೆಯಲ್ಲಿಡಬೇಕಿತ್ತು, ನಾನು ಇಟ್ಟಿರಲಿಲ್ಲ. ಹಾಗೆಂದು ಅವರಿಗೂ ಹೇಳಿ, ಮುಂದಿನ ವಾರ ಮತ್ತೆ ಮಾಡಿದೆವು. ಎರಡು ದಿನ ಕತ್ತಲು, ನಂತರ ಕಾಗದ ಸುತ್ತಿ ಒಂದಿಡೀ ದಿನ ಬಿಸಿಲು. ಎಲೆಯನ್ನು ಕುದಿನೀರಿನಲ್ಲಿ ಅದ್ದಿ ಮೆತ್ತಗಾಗಿಸಿ, ಹಸಿರು ಬಿಡುವ ತನಕ ಸ್ಪಿರಿಟ್‌ನಲ್ಲಿಟ್ಟು, ತೊಳೆದು, ಹನಿ ಹನಿಯಾಗಿ ಅಯೋಡಿನ್ ಬಿಡಬೇಕು. ಸ್ಪಿರಿಟ್‌ಗೆ ಬೆಂಕಿ ಹತ್ತುವ ಅಪಾಯವಿರುವುದರಿಂದ ಒಲೆಯನ್ನು ಪೂರ್ತಿ ಆರಿಸಿ, ಸ್ಪಿರಿಟ್ ಇರುವ ಲೋಟವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು, ಆ ಕೆಲಸವನ್ನು ನಾನೊಬ್ಬನೇ ಮಾಡುತ್ತೇನೆ. ಆ ದಿನ ಬಿಳಿ ತಟ್ಟೆಯ ಮೇಲೆ ಎಲೆಯ ಒಂದು ಅರ್ಧ ಮಸಿಯಂತೆ ಕಪ್ಪಾಗುತ್ತ ಬಂತು, ಕಾಗದದಡಿಯ ಅರ್ಧ ಅಯೋಡಿನ್ನಿನ ಕಂದು ಬಣ್ಣದಲ್ಲೇ ಉಳಿಯಿತು. ನಡುವೆ ಕಾಗದದ ಅಂಚು ಗೆರೆ ಎಳೆದಷ್ಟು ಸ್ಪಷ್ಟವಾಗಿತ್ತು.

ನೆರಳಿನ ಪಾಠಕ್ಕೆ ನಮ್ಮ ಊರು ಒಳ್ಳೆಯ ಜಾಗ. ಕರ್ನಾಟಕದಲ್ಲಿ ಸೂರ್ಯ ವರ್ಷಕ್ಕೆ ಎರಡೇ ದಿನ ನೇರ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲಿ ಬರುವ ಮೊದಲನೆಯ ದಿನ ನಮಗೆ ಬೇಸಿಗೆ ರಜೆಯಲ್ಲಿ ಕಳೆದುಹೋಗುತ್ತದೆ, ಎರಡನೆಯದು ಆಗಸ್ಟ್ ನಡುವಿನಲ್ಲಿ, ಮೋಡದ ಕಾಲದಲ್ಲಿ ಬರುತ್ತದೆ. ಬಯಲುಸೀಮೆಯ ಮೋಡ ಆಗಾಗ ಬಿಡುವು ಕೊಡುವುದರಿಂದ ನಾಲ್ಕೈದು ದಿನ ಸತತವಾಗಿ ಕಾದರೆ ಸಿಕ್ಕೇ ಸಿಗುತ್ತದೆ. 12 ಗಂಟೆ 25 ನಿಮಿಷದ ಸುಮಾರಿಗೆ ಅಂಗಳದಲ್ಲಿ ನೆಟ್ಟ ಒಂದು ಮೀಟರ್ ಕೋಲಿನ ನೆರಳು ಬುಡದಲ್ಲೇ ಕರಗುತ್ತದೆ. ಅದೇ ಕೋಲಿನ ನಡುಹಗಲಿನ ನೆರಳು ಡಿಸೆಂಬರ್ ಕೊನೆಯ ವಾರದಲ್ಲಿ ಮುಕ್ಕಾಲು ಮೀಟರಿನಷ್ಟು ಚಾಚಿರುತ್ತದೆ. ಅದನ್ನು ಸುಣ್ಣದಲ್ಲಿ ಗುರುತು ಮಾಡಿ, ಟಾರ್ಚನ್ನು ನೇರವಾಗಿಯೂ ಓರೆಯಾಗಿಯೂ ಹಿಡಿದು ಬೆಳಕು ಹರಡಿಕೊಂಡು ತೆಳುವಾಗುವುದನ್ನು ತೋರಿಸಿದರೆ ಚಳಿಗಾಲದ ಕಾರಣವನ್ನು ಬೇರೆಯಾಗಿ ಬರೆಸಬೇಕಿಲ್ಲ. ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ಎಕ್ಸ್‌ರೇ ಹಾಳೆಯ ಮೂಲಕವಾಗಲಿ ನೋಡಲು ನಾನು ಎಂದೂ ಬಿಡುವುದಿಲ್ಲ. ಹೊಂಗೆ ಮರದ ನೆರಳಿನಲ್ಲಿ ಬೀಳುವ ದುಂಡು ದುಂಡು ಬೆಳಕಿನ ಬಿಲ್ಲೆಗಳು ಸೂರ್ಯನ ಬಿಂಬಗಳೇ. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ಆ ಬಿಲ್ಲೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ದವು.

ನಮ್ಮ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆ ಜಮೀನಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದಿರುವುದರಿಂದ, ಅಪ್ಪ ಕಡಲೆಕಾಯಿ ಬಿತ್ತುತ್ತಿದ್ದ ಹೊಲದಲ್ಲಿ ಈಗ ಫಲಕಗಳನ್ನು ಕಾಣುವ ಮಕ್ಕಳೂ ಈ ಕಡೆ ಇದ್ದಾರೆ. ಅಂಥ ಮನೆಯ ಹುಡುಗನೊಬ್ಬ ಕೇಳಿದ: "ರಾತ್ರಿ ಪ್ಯಾನಲ್ ಸುಮ್ನೆ ಇರುತ್ತೆ. ಎಲೆನೂ ಸುಮ್ನೆ ಇರುತ್ತಾ ಸಾರ್?"

ಉತ್ತರ ಹೇಳದೆ ಅವನಿಗೆ ಕೆಲಸ ಕೊಟ್ಟೆ. ಸೂರ್ಯ ಮುಳುಗುವ ಹೊತ್ತಿಗೆ ಒಂದು ಕಡಲೆಕಾಯಿ ಗಿಡದ ಎಲೆ ಕಿತ್ತು, ಮನೆಯವರ ಎದುರಿಗೇ ಕುದಿನೀರಿನಲ್ಲಿ ಅದ್ದಿ ತೆಗೆದಿಟ್ಟ. ಮರುದಿನ ಬೆಳಕು ಹರಿಯುವ ಮುನ್ನ ಅದೇ ಗಿಡದ ಇನ್ನೊಂದು ಎಲೆಗೂ ಹಾಗೆಯೇ ಮಾಡಿ ಎರಡನ್ನೂ ತಂದ. ತರಗತಿಯಲ್ಲಿ ಅಯೋಡಿನ್ ಹಾಕಿದಾಗ ಸಂಜೆಯ ಎಲೆ ಕಪ್ಪಾಯಿತು, ನಸುಕಿನ ಎಲೆ ತೀರ ತೆಳುವಾಗಿ ಬಣ್ಣ ಹಿಡಿಯಿತು. ರಾತ್ರಿ ಅದೆಲ್ಲ ಎಲ್ಲಿಗೆ ಹೋಯಿತು ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವನೇ ಮೇಜಿನ ಮೇಲಿದ್ದ ಗಿಡವನ್ನೆತ್ತಿ, ಎಲೆಯಿಂದ ಕಾಂಡಕ್ಕೆ, ಕಾಂಡದಿಂದ ಆ ಸೂಜಿಯಂಥ ಎಳೆಗೆ ಬೆರಳು ಇಳಿಸುತ್ತ ಬಂದು, ಎಳೆಗಾಯಿಯ ಮೇಲೆ ನಿಲ್ಲಿಸಿದ.