ಹಳೇ ಕ್ಯಾಸೆಟ್ ಸ್ಪೀಡ್ ಸರಿ ಮಾಡುವಾಗ ದನಿ ಕೆಡಿಸಬೇಡಿ

ದಾವಣಗೆರೆ ನಾಟಕ ಕಂಪನಿಗಳ ರಂಗಗೀತೆ ಇರಲಿ, ಚಳ್ಳಕೆರೆ ಕಡೆ ಹಟ್ಟಿಗಳಲ್ಲಿ ಹಾಡಿಸಿಕೊಂಡ ಸೋಬಾನೆ ಪದ ಇರಲಿ, ಹಳೇ ಕ್ಯಾಸೆಟ್‌ಗಳ ಸ್ಪೀಡ್ ಸರಿ ಇರುವುದೇ ಕಮ್ಮಿ. ಸ್ವಲ್ಪ ಜೋರಾಗಿ ಓಡಿದರೂ ಸಾಕು, ಅಜ್ಜಿ ದನಿ ಹುಡುಗಿ ದನಿ ಆಗಿಬಿಡುತ್ತದೆ. ಕಂಪ್ಯೂಟರ್‌ನಲ್ಲಿ ಇದನ್ನು ಸರಿ ಮಾಡಬಹುದು. ಆದರೆ ಅಂದಾಜಿನಲ್ಲಿ ಮತ್ತೆ ಮತ್ತೆ ಎಳೆದಾಡಬೇಡಿ. ಲೆಕ್ಕ ಹಾಕಿ, ಮೂಲ ಫೈಲ್‌ನಿಂದ ಒಂದೇ ಸಲ ಬದಲಿಸಿ.

ಮೊದಲು ಪ್ಲೇಯರ್‌ಗೆ ಸೆಲ್ ಹಾಕಿ, ಲ್ಯಾಪ್‌ಟಾಪ್ ಚಾರ್ಜರ್ ತೆಗೆದು, 48000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸ್ಯಾಂಪಲ್, ಅಂದರೆ ಸದ್ದಿನ ಅಳತೆ), 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಸೆಲ್ ಯಾಕೆ ಅಂದರೆ, ಕರೆಂಟಿನಲ್ಲಿ ರೆಕಾರ್ಡ್ ಆದ ಎಷ್ಟೋ ಕ್ಯಾಸೆಟ್‌ಗಳಲ್ಲಿ ಸಣ್ಣಗೆ ಒಂದು ಗುಂಯ್ ಸದ್ದು ಇರುತ್ತದೆ, ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಆ ಸದ್ದು 50, 100, 150ರಲ್ಲಿ ಇರಬೇಕು, ಅದೇ ನಮ್ಮ ಅಳತೆಗೋಲು. ಈಗಿನ ಕರೆಂಟಿನ ಗುಂಯ್ ಅದರ ಜೊತೆ ಬೆರೆಯಬಾರದು, ಅಲ್ವಾ?

ಯಾರೂ ಹಾಡದ ಮೂರ್ನಾಲ್ಕು ಸೆಕೆಂಡಿನ ಜಾಗ ಹುಡುಕಿ. ಆಡಾಸಿಟಿಯಲ್ಲಿ (ದನಿ ತಿದ್ದುವ ಉಚಿತ ಸಾಫ್ಟ್‌ವೇರ್) ಅದನ್ನು ಆರಿಸಿಕೊಂಡು, ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದಿದೆ ಅಂತ ತೋರಿಸುವ 'ಪ್ಲಾಟ್ ಸ್ಪೆಕ್ಟ್ರಮ್' ತೆರೆಯಿರಿ, ಸೈಜ್ 65536 ಅಥವಾ ಅದಕ್ಕಿಂತ ಜಾಸ್ತಿ ಇಡಿ. 50ಕ್ಕಿಂತ 150ರ ಹತ್ತಿರದ ಶಿಖರ ನೋಡುವುದು ಒಳ್ಳೆಯದು, ವ್ಯತ್ಯಾಸ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದು 156ರಲ್ಲಿದ್ದರೆ 150 ಭಾಗಿಸು 156, ಅಂದರೆ 0.9615. 'ಚೇಂಜ್ ಸ್ಪೀಡ್ ಅಂಡ್ ಪಿಚ್'ನಲ್ಲಿ ಹಾಕಬೇಕಾದ ಸಂಖ್ಯೆ ಇದೇ. ಆದರೆ ಇದನ್ನೇ ಪೂರ್ತಿ ನಂಬಬೇಡಿ. ಆಗಿನ ಕಾಲದಲ್ಲಿ ಕರೆಂಟು ಸರಿಯಾಗಿ 50ರಲ್ಲೇ ನಿಲ್ಲುತ್ತಿರಲಿಲ್ಲ, ಒಂದು ಹರ್ಟ್ಸ್ ಆಚೀಚೆ ಆದರೆ ಸೆಮಿಟೋನ್‌ನ (ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರ) ಮೂರನೇ ಒಂದು ಭಾಗ ತಪ್ಪುತ್ತದೆ. ಹಾಡಿಗೆ ನುಡಿಸಿದ ಹಾರ್ಮೋನಿಯಂ ಪೆಟ್ಟಿಗೆ ಇನ್ನೂ ಯಾರ ಮನೆಯಲ್ಲಾದರೂ ಇದ್ದರೆ, ಷಡ್ಜ ಒತ್ತಿ ಹೋಲಿಸಿ ನೋಡಿ.

ರೀಪರ್ (ಇನ್ನೊಂದು ಆಡಿಯೋ ಸಾಫ್ಟ್‌ವೇರ್) ಬಳಸುವವರು ಐಟಂ, ಅಂದರೆ ಹಾಡಿನ ತುಣುಕು, ಆರಿಸಿ ಎಫ್2 ಒತ್ತಿ, ಪ್ಲೇಬ್ಯಾಕ್ ರೇಟ್‌ನಲ್ಲಿ ಅದೇ ಸಂಖ್ಯೆ ಹಾಕಿ. 'ಪ್ರಿಸರ್ವ್ ಪಿಚ್' ಟಿಕ್ ಮಾತ್ರ ಕಡ್ಡಾಯವಾಗಿ ತೆಗೆಯಿರಿ. ಅದಿದ್ದರೆ ಶ್ರುತಿ ಬದಲಾಗದೆ ಬರೀ ಕಾಲ ಹಿಗ್ಗುತ್ತದೆ, ತಾಳದ ಹೊಡೆತ ಒಡೆದ ಹಾಗೆ ಕೇಳುತ್ತದೆ. ಪದ ಕಲಿಯಲು ನಿಧಾನ ಮಾಡುವುದಕ್ಕೆ ಅದು ಸರಿ, ಕ್ಯಾಸೆಟ್ ತಿದ್ದುವುದಕ್ಕಲ್ಲ.

ಇನ್ನು ರೀಸ್ಯಾಂಪ್ಲಿಂಗ್ ಗುಣಮಟ್ಟ. ಸ್ಪೀಡ್ ಬದಲಿಸಿದಾಗ ಎರಡು ಸ್ಯಾಂಪಲ್‌ಗಳ ನಡುವಿನ ಬೆಲೆಯನ್ನು ಸಾಫ್ಟ್‌ವೇರ್ ಲೆಕ್ಕ ಹಾಕಿ ತುಂಬಬೇಕು. ಲೀನಿಯರ್ ವಿಧಾನ ಸುಮ್ನೆ ಒಂದು ನೇರ ಗೆರೆ ಎಳೆಯುತ್ತದೆ, ಗೆಜ್ಜೆ, ತಾಳಗಳ ಎತ್ತರದ ಸ್ವರಗಳು ಮಂಕಾಗುತ್ತವೆ. ಸಿಂಕ್ (sinc) ವಿಧಾನ ಅಕ್ಕಪಕ್ಕದ ಹತ್ತಾರು, ನೂರಾರು ಸ್ಯಾಂಪಲ್ ನೋಡಿ ತುಂಬುತ್ತದೆ. ಸ್ಪೀಡ್ ಜಾಸ್ತಿ ಮಾಡುವಾಗ ಇನ್ನೊಂದು ಅಪಾಯ ಇದೆ: 44100ರ ಫೈಲನ್ನು ದುಪ್ಪಟ್ಟು ಓಡಿಸಿದರೆ 15000 ಹರ್ಟ್ಸ್ ಸದ್ದು 30000ಕ್ಕೆ ಹೋಗಬೇಕು, ಆದರೆ ಮಿತಿ 44100ರ ಅರ್ಧ, ಅಂದರೆ 22050. ಫಿಲ್ಟರ್ ಸರಿ ಇಲ್ಲದಿದ್ದರೆ ಅದು ಮಡಚಿಕೊಂಡು 14100ರಲ್ಲಿ ಬಂದು ಕೂರುತ್ತದೆ, ಹಾಡಿಗೆ ಸಂಬಂಧವೇ ಇಲ್ಲದ ಸ್ವರವಾಗಿ.

ಬರೀ ಕೇಳುವಾಗ ರೀಸ್ಯಾಂಪ್ಲಿಂಗ್ ಗುಣಮಟ್ಟ ಮೀಡಿಯಂ ಇದ್ದರೆ ಸಾಕು, ಹಳೇ ಕಂಪ್ಯೂಟರ್ ತಡವರಿಸುವುದಿಲ್ಲ. ಆಡಾಸಿಟಿಯ ಕ್ವಾಲಿಟಿ ಸೆಟ್ಟಿಂಗ್‌ನಲ್ಲಿ 'ರಿಯಲ್ ಟೈಮ್' ಮತ್ತು 'ಹೈ ಕ್ವಾಲಿಟಿ' ಬೇರೆ ಬೇರೆ ಇವೆ, ಎರಡನೆಯದನ್ನು ಬೆಸ್ಟ್‌ಗೆ ಇಡಿ. ರೀಪರ್‌ನಲ್ಲಿ ರೆಂಡರ್ (ತಿದ್ದಿದ್ದನ್ನು ಹೊಸ ಫೈಲ್ ಮಾಡುವ) ಕಿಟಕಿಯಲ್ಲೇ ರೀಸ್ಯಾಂಪಲ್ ಮೋಡ್ ಇದೆ, ಅಲ್ಲಿ ಉದ್ದದ ಸಿಂಕ್ ಆರಿಸಿ. ಸಮಯ ಜಾಸ್ತಿ ಹಿಡಿದರೆ ಹಿಡಿಯಲಿ.

ತಿದ್ದಿದ ಫೈಲ್ ಹೆಸರಿನಲ್ಲೇ 0.9615 ಅಂತ ಬರೆದಿಡಿ. ಮೂಲ ಫೈಲ್ ಅಳಿಸಬೇಡಿ, ಲೆಕ್ಕ ತಪ್ಪಿದೆ ಅನ್ನಿಸಿದರೆ ತಿದ್ದಿದ್ದನ್ನೇ ಮತ್ತೆ ತಿದ್ದದೆ ಅಲ್ಲಿಂದಲೇ ಶುರು ಮಾಡಿ.