ಬಡಾವಣೆಯ ಆಟೋಟಕ್ಕೆ ಅನುಮತಿ ಪಡೆಯುವುದು ಹೇಗೆ?

ವಾಲಿಬಾಲ್ ಕಂಬ ನೆಟ್ಟಾಗಿತ್ತು, ಸುಣ್ಣದ ಗೆರೆ ಎಳೆದಾಗಿತ್ತು, ಹದಿನಾರು ತಂಡಗಳಿಂದ ಪ್ರವೇಶ ಶುಲ್ಕವೂ ಬಂದಾಗಿತ್ತು. ರಾಜ್ಯೋತ್ಸವದ ಬೆಳಿಗ್ಗೆ ಎಂಟಕ್ಕೆ ನೋಡಿದರೆ ಮೈದಾನದ ಗೇಟಿಗೆ ಬೀಗ. ಸಂಘದ ಹುಡುಗರ ಕೈಯಲ್ಲಿ ವಾರ್ಡ್ ಕಚೇರಿಯ ಮೊಹರು ಬಿದ್ದ ಅರ್ಜಿ ಇತ್ತು. ಆದರೆ ಮೈದಾನ ಪಕ್ಕದ ಶಾಲೆಯದ್ದು. ಶಾಲೆಯವರನ್ನು ಯಾರೂ ಕೇಳಿರಲೇ ಇಲ್ಲ. ದೂರದಿಂದ ಬಸ್ಸಿನಲ್ಲಿ ಬಂದಿದ್ದ ತಂಡಗಳು ಬೇಲಿಯಾಚೆ ನಿಂತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಇಂಥದ್ದು ಪ್ರತಿ ವರ್ಷ ಎಲ್ಲೋ ಒಂದು ಕಡೆ ಆಗುತ್ತಲೇ ಇದೆ. ಆದ್ದರಿಂದ ಬೆಂಗಳೂರಿನಲ್ಲಿ ಹಗಲು ಪಂದ್ಯ, ಸಂಜೆ ಸಭಾ ಕಾರ್ಯಕ್ರಮ ಇಟ್ಟುಕೊಳ್ಳುವವರು ಹೇಗೆ ಹೆಜ್ಜೆ ಇಡಬೇಕೆಂದು ಬರೆಯುತ್ತಿದ್ದೇನೆ.

ಮೈದಾನ ಯಾರದ್ದು?

ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಇದು ಇತ್ಯರ್ಥವಾಗಬೇಕು. ಬಯಲು ಪಾಲಿಕೆಯದ್ದಿರಬಹುದು, ಬಿಡಿಎ ಇನ್ನೂ ಹಸ್ತಾಂತರಿಸದ ಬಡಾವಣೆಯದ್ದಿರಬಹುದು, ಗೃಹ ಮಂಡಳಿಯದ್ದೋ ಮುಜರಾಯಿ ದೇವಸ್ಥಾನದ್ದೋ ಇರಬಹುದು. ಗೇಟಿನ ಮೇಲಿನ ಫಲಕವನ್ನು ನಂಬಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳು ಬಂದಿವೆ. ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆಯೆಂದು ಕೇಳಿ ತಿಳಿದೇ ಅರ್ಜಿ ಬರೆಯಿರಿ. ಸರ್ಕಾರಿ ಶಾಲೆಯ ಅಂಗಳವಾದರೆ ಮುಖ್ಯೋಪಾಧ್ಯಾಯರನ್ನೂ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರನ್ನೂ ಮೊದಲು ಕಂಡು, ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗಿ.

ಉದ್ಯಾನವನ್ನು ಮಾತ್ರ ಕೇಳಬೇಡಿ. ಉದ್ಯಾನ, ಆಟದ ಮೈದಾನ, ಬಯಲುಗಳನ್ನು ಬೇರೆ ಬಳಕೆಯಿಂದ ಕಾಪಾಡಲೆಂದೇ 1985ರಿಂದ ರಾಜ್ಯದಲ್ಲಿ ಕಾಯ್ದೆ ಇದೆ. ಆಟದ ಮೈದಾನದಲ್ಲಿಯೂ ಸಂಜೆಯ ವೇದಿಕೆ, ತಿಂಡಿ ಮಳಿಗೆ ಇದ್ದರೆ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ. ಆಟಕ್ಕೆಂದು ಪಡೆದ ಪತ್ರ ಶಾಮಿಯಾನಕ್ಕೆ ನಡೆಯುವುದಿಲ್ಲ.

ಠಾಣೆಯ ಅರ್ಜಿ

ಹೆಚ್ಚಿನವರು ಎಡವುವುದು ಇಲ್ಲಿ. ಪರಿಚಯದ ಪೇದೆ ‘ಆಗಲಿ, ಮಾಡಿಕೊಳ್ಳಿ’ ಎಂದರೆ ಅನುಮತಿ ಸಿಕ್ಕಿತೆಂದು ತಿಳಿಯುತ್ತಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿಯೇ ಬೇಕು, ಅದನ್ನು ಕೊಡುವ ಪೊಲೀಸ್ ಅಧಿಕಾರಿ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು. ನಗರದಲ್ಲಿ ಆ ದರ್ಜೆಯವರು ಎಸಿಪಿ. ಅಂದರೆ ಠಾಣೆಯಲ್ಲಿ ಕೊಟ್ಟ ಅರ್ಜಿ ಮೇಲಕ್ಕೆ ಹೋಗಿ ಬರಬೇಕು. ಹಾಗಾಗಿ ಇಪ್ಪತ್ತು ದಿನ ಮೊದಲೇ ಕೊಡಿ. ಹಿಂದಿನ ದಿನ ಓಡಾಡಿದವರಿಗೆ ಸಿಗುವುದು ಬಾಯಿಮಾತು ಮಾತ್ರ.

ಅರ್ಜಿ ಕನ್ನಡದಲ್ಲಿರಲಿ, ಒಂದೇ ಪುಟದಲ್ಲಿರಲಿ. ‘ವಿಷಯ’ದ ಸಾಲಿನಲ್ಲಿಯೇ ದಿನಾಂಕ, ಮೈದಾನದ ಹೆಸರು, ‘ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ’ ಎಂಬ ಸಮಯ ಬರಬೇಕು. ‘ಉಲ್ಲೇಖ’ದಲ್ಲಿ ಮೈದಾನದ ಒಡೆಯರು ಕೊಟ್ಟ ಪತ್ರದ ಸಂಖ್ಯೆ ಮತ್ತು ದಿನಾಂಕ. ಕೆಳಗೆ ಜನ ಎಷ್ಟು ಸೇರುತ್ತಾರೆ, ಅತಿಥಿಗಳು ಯಾರು, ಧ್ವನಿವರ್ಧಕ ಎಷ್ಟು, ವಾಹನ ಎಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ಬಿಡಿಬಿಡಿಯಾಗಿ ಬರೆಯಿರಿ. ಜನಸಂಖ್ಯೆಯನ್ನು ದಯವಿಟ್ಟು ಕಡಿಮೆ ಹೇಳಬೇಡಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ತೀರಿಕೊಂಡ ಊರು ಇದು. ಮುನ್ನೂರು ಎಂದು ಬರೆದು ಎರಡು ಸಾವಿರ ಜನ ಸೇರಿಸಿದರೆ ಬಂದೋಬಸ್ತಿಗೆ ಬರುವ ಇಬ್ಬರು ಪೊಲೀಸರು ಏನು ಮಾಡಿಯಾರು? ಜವಾಬ್ದಾರಿ ಹೊರುವ ಮೂವರ ಹೆಸರು, ಮೊಬೈಲ್ ಸಂಖ್ಯೆ ಕೊಡಿ. ಆ ಮೂವರೂ ಅಂದು ಮೈದಾನದಲ್ಲಿಯೇ ಇರುವವರಾಗಿರಲಿ, ಗೌರವಾಧ್ಯಕ್ಷರ ಹೆಸರು ಇಲ್ಲಿ ಬೇಡ.

ಜೊತೆಗೆ ಕೈಯಲ್ಲೇ ಬರೆದ ನಕ್ಷೆ ಇರಲಿ. ವೇದಿಕೆ ಎಲ್ಲಿ, ಧ್ವನಿವರ್ಧಕದ ಬಾಯಿ ಯಾವ ದಿಕ್ಕಿಗೆ, ಗೇಟು ಎಷ್ಟು, ಆಂಬುಲೆನ್ಸ್ ಬರುವ ದಾರಿ ಯಾವುದು ಎಂದು ಅದರಲ್ಲಿ ಕಾಣಬೇಕು. ನೂರು ಮೀಟರಿನೊಳಗೆ ಆಸ್ಪತ್ರೆ, ಶಾಲೆ, ನ್ಯಾಯಾಲಯ ಇದ್ದರೆ ಅದನ್ನೂ ಗುರುತಿಸಿ, ಸರ್ಕಾರ ಅದನ್ನು ನಿಶ್ಶಬ್ದ ವಲಯವೆಂದು ಘೋಷಿಸಿರಬಹುದು. ಅಂಥ ಕಡೆ ಸಂಜೆಯ ಕಾರ್ಯಕ್ರಮಕ್ಕೆ ಬೇರೆ ಜಾಗ ಹುಡುಕುವುದೇ ಸರಿ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಮೈದಾನದ ಅಂಚಿನಲ್ಲಿ ಧ್ವನಿವರ್ಧಕದ ಸದ್ದು ಅದಕ್ಕಿಂತ 10ಕ್ಕೂ ಹೆಚ್ಚು ಮೀರುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ‘ಹಬ್ಬಕ್ಕೆ ಹನ್ನೆರಡರವರೆಗೆ ಬಿಡುತ್ತಾರೆ’ ಎನ್ನುವವರಿದ್ದಾರೆ. ಆ ಸಡಿಲಿಕೆ ರಾಜ್ಯ ಸರ್ಕಾರ ಕೊಟ್ಟರೆ ಮಾತ್ರ, ಅದೂ ವರ್ಷಕ್ಕೆ 15 ದಿನ ಮೀರದಂತೆ. ಹತ್ತಕ್ಕೆ ನಿಲ್ಲಿಸಬೇಕಾದರೆ ಒಂಬತ್ತೂವರೆಗೆ ವಂದನಾರ್ಪಣೆ ಶುರುವಾಗಬೇಕು.

ಜೆರಾಕ್ಸ್ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಮಾರುವ ಸಿದ್ಧ ಅರ್ಜಿಯನ್ನು ಮುಟ್ಟಲೇಬೇಡಿ. ಅಂಥದ್ದೊಂದರಲ್ಲಿ ‘ಗಣೇಶೋತ್ಸವ’ ಎಂಬುದನ್ನು ಹೊಡೆದು ಹಾಕಿ ಮೇಲೆ ಪೆನ್ನಿನಿಂದ ‘ಕಬಡ್ಡಿ’ ಎಂದು ಬರೆದಿದ್ದರು. ಕೆಳಗೆ ವಿಸರ್ಜನೆಯ ಮಾರ್ಗ ಹಾಗೆಯೇ ಉಳಿದಿತ್ತು. ‘ನಾನು ಮಾಡಿಸಿಕೊಡುತ್ತೇನೆ’ ಎಂದು ಮುಂದೆ ಬರುವ ಮಧ್ಯವರ್ತಿಗೂ ಹಣ ಕೊಡಬೇಡಿ.

ಅರ್ಜಿ ಕೊಡುವಾಗ ಇನ್ನೊಂದು ಪ್ರತಿಯ ಮೇಲೆ ಮೊಹರು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಇದು ಸ್ವೀಕೃತಿ ಮಾತ್ರ, ಅನುಮತಿಯಲ್ಲ. ಬೀಗ ಕಂಡ ಆ ಹುಡುಗರು ಈ ಎರಡನ್ನೂ ಒಂದೆಂದೇ ತಿಳಿದಿದ್ದರು. ಸ್ಥಳ ನೋಡಲು ಬರುವ ಅಧಿಕಾರಿಯ ಜೊತೆ ನಕ್ಷೆ ಹಿಡಿದು ಮೈದಾನ ಸುತ್ತಿ, ಅವರು ಬದಲಾವಣೆ ಹೇಳಿದರೆ ಅಲ್ಲಿಯೇ ನಕ್ಷೆಯಲ್ಲಿ ತಿದ್ದಿಕೊಳ್ಳಿ. ಅನುಮತಿ ಪತ್ರ ಬಂದ ಮೇಲೆ ಅದರ ಷರತ್ತುಗಳನ್ನು ಧ್ವನಿವರ್ಧಕದವನಿಗೂ ಓದಿ ಹೇಳಿ.

ಉಳಿದವು

ರಸ್ತೆಗೆ ಅಡ್ಡ ಬರುವಂತಿದ್ದರೆ ಸಂಚಾರ ಠಾಣೆಗೊಂದು ಅರ್ಜಿ. ದೊಡ್ಡ ಪೆಂಡಾಲ್ ಆದರೆ ಅಗ್ನಿಶಾಮಕ ಠಾಣೆಯವರನ್ನು ಕೇಳಿ.

ವಿದ್ಯುತ್ತಿಗೆ ಬೆಸ್ಕಾಂನ ತಾತ್ಕಾಲಿಕ ಸಂಪರ್ಕವನ್ನು ಪರವಾನಗಿ ಇರುವ ಗುತ್ತಿಗೆದಾರರ ಮೂಲಕವೇ ಪಡೆಯಿರಿ. ಬೀದಿದೀಪದ ಕಂಬಕ್ಕೆ ಕೊಕ್ಕೆ ಹಾಕಿ ಎಳೆಯುವುದು ಕಳ್ಳತನ ಮಾತ್ರವಲ್ಲ, ಮಳೆ ಹನಿ ಬಿದ್ದರೆ ಮಕ್ಕಳ ಜೀವಕ್ಕೇ ಕುತ್ತು. ಬಾಡಿಗೆಗೆ ಬರುವ ತೆಳು ವೈರಿನಲ್ಲಿ ನಾಲ್ಕು ಕಡೆ ಟೇಪು ಸುತ್ತಿದ್ದರೆ ವಾಪಸ್ ಕಳುಹಿಸಿ, ಬಾಡಿಗೆ ಹೋದರೂ ಹೋಗಲಿ.

ಫ್ಲೆಕ್ಸ್ ಬೇಡ. ರಾಜ್ಯದ 2016ರ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸ್, ಬ್ಯಾನರ್, ತೋರಣ, ತಟ್ಟೆ, ಲೋಟ ಎಲ್ಲವೂ ಸೇರಿವೆ. ಬಟ್ಟೆಯ ಮೇಲೆ ಬರೆಸಿದ ಬ್ಯಾನರ್ ಮುಂದಿನ ವರ್ಷಕ್ಕೂ ಆಗುತ್ತದೆ. ಧ್ವನಿಮುದ್ರಿತ ಸಿನಿಮಾ ಹಾಡು ಹಾಕುವುದಾದರೆ ಹಕ್ಕುಸ್ವಾಮ್ಯದ ಪರವಾನಗಿ ವಿಚಾರಿಸಿ. ಮದುವೆಗೂ ಪೂಜೆಗೂ ಇರುವ ವಿನಾಯಿತಿ ಕ್ರೀಡಾಕೂಟಕ್ಕೆ ಇಲ್ಲ. ನಮ್ಮ ಮಕ್ಕಳೇ ವೇದಿಕೆಯಲ್ಲಿ ನಾಡಗೀತೆ ಹಾಡಿದರೆ ನನಗೆ ಅದೇ ಇಷ್ಟ.

ಮೈದಾನಕ್ಕೆ ಠೇವಣಿ ಕಟ್ಟಿದ್ದರೆ ರಸೀದಿ ಜೋಪಾನ. ಮರುದಿನ ಬೆಳಿಗ್ಗೆ ಕಂಬ ಕಿತ್ತ ಗುಂಡಿಗಳಿಗೆ ಮಣ್ಣು ತುಂಬಿ, ಕಾಲಿನಿಂದ ತುಳಿದು ಗಟ್ಟಿ ಮಾಡಿ, ಮೊಳೆಗಳನ್ನು ಹೆಕ್ಕಿ, ಮೈದಾನದ ನಾಲ್ಕೂ ಮೂಲೆಯ ಫೋಟೊ ತೆಗೆದುಕೊಳ್ಳಿ. ಠೇವಣಿ ಕೇಳುವ ಅರ್ಜಿಗೆ ಅದನ್ನೇ ಲಗತ್ತಿಸಿ. ಅಂದು ಸಂಜೆ ಅಲ್ಲಿ ಬರಿಗಾಲಿನಲ್ಲಿ ಓಡುವ ಮಕ್ಕಳಿರುತ್ತಾರೆ.